ಪಾನನಿರೋಧದಿಂದ ಪಾನಮುಕ್ತಿಗೆ: ವಡಾಲವನ್ನು ಮುಂದಿರಿಸಿಕೊಂಡು ಒಂದು ವಿವೇಚನೆ

೧

ಮುಂಬಯಿಯ ಕನ್ನಡಿಗರ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಸಂಘಸಂಸ್ಥೆಗಳನ್ನೂ ರಾತ್ರಿಶಾಲೆಗಳನ್ನೂ ಹೋಟೆಲು ಉದ್ಯಮವನ್ನೂ ಬ್ಯಾಂಕುಗಳನ್ನೂ ಯಕ್ಷಗಾನ ಮಂಡಳಿಗಳನ್ನೂ ಕುರಿತು ಬರೆಯುತ್ತಾರೆ. ಅದು ಯುಕ್ತವೇ ಸರಿ. ಊರು ಬಿಟ್ಟು ಬಂದ ಜನ ಏನನ್ನು ಕಟ್ಟಿದರೆಂಬುದು ಇತಿಹಾಸದ ಮೊದಲ ಪ್ರಶ್ನೆ. ಆದರೆ ಅದೇ ಜನ ಏನನ್ನು ಕಳೆದುಕೊಂಡರೆಂಬ ಎರಡನೆಯ ಪ್ರಶ್ನೆಯೊಂದುಂಟು. ಅದಕ್ಕೆ ಉತ್ತರ ಹುಡುಕುವವನಿಗೆ ನಮ್ಮ ವರದಿಗಳೂ ಸಂಸ್ಮರಣ ಗ್ರಂಥಗಳೂ ಹೆಚ್ಚಿನ ನೆರವನ್ನು ನೀಡವು. ನಲವತ್ತರ ಹರೆಯದಲ್ಲಿ ಯಕೃತ್ತು ಕೆಟ್ಟು ತೀರಿಕೊಂಡವನ ವಿಷಯದಲ್ಲಿ ನಮ್ಮ ಪತ್ರಿಕೆಗಳ ನಿಧನವಾರ್ತೆ "ಅಲ್ಪಕಾಲದ ಅಸೌಖ್ಯ" ಎಂಬ ಎರಡು ಶಬ್ದಗಳಲ್ಲಿ ಮುಗಿದುಹೋಗುತ್ತದೆ. ಆ ಅಸೌಖ್ಯ ಅಲ್ಪಕಾಲದ್ದಲ್ಲವೆಂಬುದನ್ನು ಮನೆಯ ಹೆಂಗಸರು ಬಲ್ಲರು, ನೆರೆಯವರು ಬಲ್ಲರು, ಅವನಿಗೆ ಸಾಲ ಕೊಟ್ಟವರೂ ಬಲ್ಲರು. ಬರವಣಿಗೆಯಲ್ಲಿ ಮಾತ್ರ ಅದಕ್ಕೆ ಎಡೆಯಿಲ್ಲ.

ಕುಡಿತವನ್ನು ಬಿಡಿಸುವ ಪ್ರಯತ್ನಕ್ಕೆ ನಮ್ಮ ನಾಡಿನಲ್ಲಿ ದೀರ್ಘವಾದ ಇತಿಹಾಸವಿದೆ. ಕುಡಿತವನ್ನು ಬಿಟ್ಟವನ ಕೈಹಿಡಿದು ನಡೆಯಿಸುವ ಪ್ರಯತ್ನದ ಇತಿಹಾಸ ಮಾತ್ರ ಮೊಟಕಾದುದು. ಇವೆರಡೂ ಬೇರೆಬೇರೆ ಕಾರ್ಯಗಳು. ಮೊದಲನೆಯದರಿಂದ ಎರಡನೆಯದರವರೆಗೆ ನಾವು ಹೇಗೆ ಬಂದೆವು, ಬರಲು ಇಷ್ಟು ಕಾಲ ಏಕೆ ಹಿಡಿಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ವಡಾಲವನ್ನು ಮುಂದಿರಿಸಿಕೊಂಡಿದ್ದೇನೆ. ಪೂರ್ವಕ್ಕೆ ಉಪ್ಪಿನ ಆಗರಗಳೂ ಬಂದರು ಇಲಾಖೆಯ ಭೂಮಿಯೂ, ಉತ್ತರಕ್ಕೆ ಆಂಟಾಪ್ ಹಿಲ್, ಪಶ್ಚಿಮಕ್ಕೆ ರಾಮಮಂದಿರವೂ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯೂ ಇರುವ ಈ ಭಾಗದಲ್ಲಿ ಪಾನಸಮಸ್ಯೆಯ ಇತಿಹಾಸ ಪದರ ಪದರವಾಗಿ ಬಿದ್ದಿದೆ.

೨

ವಡಾಲದ ಹೆಸರು ದೇಶದ ಇತಿಹಾಸದಲ್ಲಿ ಪ್ರಸಿದ್ಧವಾದುದು ೧೯೩೦ರ ಉಪ್ಪಿನ ಸತ್ಯಾಗ್ರಹದಿಂದ. ಆ ವರ್ಷದ ಜೂನ್ ೧ರಂದು ಸುಮಾರು ೧೫,೦೦೦ ಜನ ಇಲ್ಲಿಯ ಆಗರಗಳಿಗೆ ನುಗ್ಗಿ ಉಪ್ಪನ್ನು ಹೊತ್ತೊಯ್ದರೆಂದು ಕಾಂಗ್ರೆಸ್ಸಿನ ಇತಿಹಾಸವು ಹೇಳುತ್ತದೆ. ಮುಂಬಯಿಯಲ್ಲಿ ನಡೆದ ಉಪ್ಪಿನ ಹೋರಾಟದ ಮುಂಚೂಣಿಯಲ್ಲಿದ್ದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಅದೇ ಏಪ್ರಿಲ್ ತಿಂಗಳಲ್ಲಿ ಉತ್ತರ ಕನ್ನಡದ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆದಿತ್ತು.

ಉಪ್ಪಿನ ಮಾತು ಎಲ್ಲರಿಗೂ ನೆನಪಿದೆ. ಅದರ ಜೊತೆಗಿದ್ದ ಇನ್ನೊಂದು ಕಾರ್ಯಕ್ರಮವನ್ನು ಮರೆಯುತ್ತೇವೆ. ೧೯೩೦ರ ಏಪ್ರಿಲ್‌ನಲ್ಲಿ ಗಾಂಧೀಜಿಯವರು ಭಾರತದ ಸ್ತ್ರೀಯರಿಗೆ ವಿಶೇಷವಾಗಿ ವಹಿಸಿಕೊಟ್ಟ ಕೆಲಸಗಳು ಎರಡು: ಪರದೇಶಿ ಬಟ್ಟೆಯಂಗಡಿಗಳ ಮುಂದೆಯೂ ಹೆಂಡದಂಗಡಿಗಳ ಮುಂದೆಯೂ ನಿಂತು ಗಿರಾಕಿಗಳ ಮನವೊಲಿಸುವುದು. ಸರಕಾರಕ್ಕೆ ಉಪ್ಪಿನ ಕರವಿದ್ದಂತೆ ಮದ್ಯದ ಅಬಕಾರಿಯೂ ಇತ್ತು. ಮುಂಬಯಿ ಪ್ರಾಂತದ ಅಬಕಾರಿ ಕಾಯದೆ ೧೮೭೮ರಷ್ಟು ಹಳೆಯದು. ಆದುದರಿಂದ ಹೆಂಡದಂಗಡಿಯ ಮುಂದೆ ನಿಲ್ಲುವುದು ನೀತಿಯ ಕೆಲಸವೂ ಆಗಿತ್ತು, ಸರಕಾರದ ಬೊಕ್ಕಸವನ್ನು ತಟ್ಟುವ ರಾಜಕೀಯದ ಕೆಲಸವೂ ಆಗಿತ್ತು. ಕನ್ನಡನಾಡಿನಲ್ಲಿ ಇದೇ ಧೋರಣೆಯ ಮುಂದುವರಿದ ರೂಪವನ್ನು ೧೯೩೯ರ ತುರುವನೂರು ಸತ್ಯಾಗ್ರಹದಲ್ಲಿ ಕಾಣಬಹುದು. ಅಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲ ಮರಗಳನ್ನು ಕಡಿಯಲಾಯಿತು.

ಈ ಘಟ್ಟದಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಚಳವಳಿಯ ದೃಷ್ಟಿ ಬಿದ್ದುದು ಅಂಗಡಿಯ ಮೇಲೆ, ಮರದ ಮೇಲೆ, ಕರದ ಮೇಲೆ. ಅಂಗಡಿ ಮುಚ್ಚಿದರೆ ಕುಡಿಯುವವನು ತಾನಾಗಿ ಸುಧಾರಿಸುತ್ತಾನೆಂಬುದು ಅದರ ನಂಬಿಕೆ. ಈ ನಂಬಿಕೆ ಪೂರ್ತಿ ಹುಸಿಯಲ್ಲ. ಕುಡಿತ ಇನ್ನೂ ಅಭ್ಯಾಸದ ಹಂತದಲ್ಲಿರುವವನಿಗೆ ಅಂಗಡಿ ದೂರವಾದರೆ ಉಪಕಾರವೇ ಆಗುತ್ತದೆ. ಆದರೆ ಅಭ್ಯಾಸ ವ್ಯಸನವಾಗಿ ತಿರುಗಿದವನ ಸ್ಥಿತಿ ಬೇರೆ. ಆ ಬೇರೆತನವನ್ನು ಕಾಣಲು ಮುಂಬಯಿಯು ಒಂದು ದೊಡ್ಡ ಪ್ರಯೋಗದ ಮೂಲಕ ಹಾಯಬೇಕಾಯಿತು.

೩

ಆ ಪ್ರಯೋಗವೇ ಪಾನನಿರೋಧ. ಬಾಳಾಸಾಹೇಬ ಖೇರರ ಮಂತ್ರಿಮಂಡಲದಲ್ಲಿ ಆರೋಗ್ಯ ಹಾಗೂ ಅಬಕಾರಿ ಮಂತ್ರಿಗಳಾಗಿದ್ದ ಡಾ. ಗಿಲ್ಡರ್ ಅವರು ೧೯೩೯ರ ಆಗಸ್ಟ್ ೧ರಂದು ಮುಂಬಯಿ ನಗರದಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ನಷ್ಟವಾಗುವ ಆದಾಯವನ್ನು ತುಂಬಿಕೊಳ್ಳಲು ನಗರದ ಸ್ಥಿರ ಆಸ್ತಿಯ ಮೇಲೆ ನೂರಕ್ಕೆ ೧೦ರಂತೆ ತೆರಿಗೆಯನ್ನು ವಿಧಿಸಲಾಯಿತು. ಅದೇ ವರ್ಷದ ಕೊನೆಯಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟ ಮೇಲೆ ಆ ಯೋಜನೆ ಕುಸಿಯಿತು. ಸ್ವಾತಂತ್ರ್ಯದ ತರುವಾಯ ೧೯೪೯ರ ಮುಂಬಯಿ ಪಾನನಿರೋಧ ಕಾಯದೆ ಬಂದಿತು. ೧೯೫೦ರ ಏಪ್ರಿಲ್ ೬ರಿಂದ ಸಂಪೂರ್ಣ ಪಾನನಿರೋಧ ಆಚರಣೆಗೆ ಬಂದಿತು. ಗೃಹಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರ ಹೆಸರು ಇದರೊಡನೆ ಬಿಡಿಸಲಾರದಂತೆ ಕೂಡಿಕೊಂಡಿದೆ. ಬಾಲ್ಸಾರಾ ಎಂಬವರ ಮೊಕದ್ದಮೆಯಲ್ಲಿ ೧೯೫೧ರ ಮೇ ೨೫ರಂದು ಸರ್ವೋಚ್ಚ ನ್ಯಾಯಾಲಯವು ಕಾಯದೆಯ ಕೆಲವು ಭಾಗಗಳನ್ನು ಮಾತ್ರ ತೆಗೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು.

ಇದು ಕೇವಲ ಮುಂಬಯಿ ನಗರದ ಕಥೆಯಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯಕ್ಕೇ ಸೇರಿದ್ದುವು. ಮಂಗಳೂರು ಉಡುಪಿಗಳು ಸೇರಿದ್ದ ಮದರಾಸು ಪ್ರಾಂತದಲ್ಲಿಯೂ ೧೯೪೮ರಿಂದ ಪಾನನಿರೋಧವಿತ್ತು. ಹೀಗೆ ಆ ವರ್ಷಗಳಲ್ಲಿ ಕರಾವಳಿಯಿಂದಾಗಲಿ ಬಯಲುಸೀಮೆಯಿಂದಾಗಲಿ ಮುಂಬಯಿಗೆ ಬಂದ ಕನ್ನಡಿಗನು ಊರಿನಲ್ಲಿಯೂ ನಗರದಲ್ಲಿಯೂ ಒಂದೇ ಬಗೆಯ ನಿಷೇಧಕ್ಕೆ ಒಳಗಾಗಿದ್ದನು.

ಫಲವೇನಾಯಿತು? ಕುಡಿತ ಕಡಿಮೆಯಾಯಿತೆಂಬುದನ್ನು ಅಲ್ಲಗಳೆಯಲಾಗದು. ಎಷ್ಟೋ ಕೂಲಿಕಾರರ ಮನೆಗೆ ಆ ಕಾಲದಲ್ಲಿ ಸಂಬಳ ಪೂರ್ತಿಯಾಗಿ ಬಂದಿರಬೇಕು. ಆದರೆ ಉಳಿದ ಕುಡಿತ ಕತ್ತಲೆಯನ್ನು ಸೇರಿತು. ಬಾಂದ್ರಾ, ಧೋಬಿತಲಾವ್ ಮುಂತಾದ ಕಡೆಗಳಲ್ಲಿ ಮನೆಯ ಹಿಂಬದಿಯಲ್ಲಿ ನಡೆಯುತ್ತಿದ್ದ 'ಆಂಟಿ'ಗಳ ಅಡ್ಡೆಗಳು ನಗರದ ಜನಪದದಲ್ಲಿ ಇಂದಿಗೂ ಉಳಿದಿವೆ. ಧಾರಾವಿ ಹಾಗೂ ಆಂಟಾಪ್ ಹಿಲ್ ಪ್ರದೇಶಗಳು ಕಳ್ಳಭಟ್ಟಿಗೆ ಹೆಸರಾದುವು. ಮುಂದೆ ಈ ವ್ಯಾಪಾರದ ಮೇಲೆ ಹಿಡಿತ ಸಾಧಿಸಿದ ವರದರಾಜನ್ ಮುದಲಿಯಾರನ ಹೆಸರು ವಡಾಲದ ಸುತ್ತಲಿನ ವಸತಿಗಳಲ್ಲಿ ಭಯದೊಡನೆಯೂ ಕೆಲವೆಡೆ ಗೌರವದೊಡನೆಯೂ ಕೇಳಿಬಂದಿತು. ಉಪ್ಪಿಗಾಗಿ ಕಾನೂನನ್ನು ಮುರಿದ ನೆಲದ ಮಗ್ಗುಲಲ್ಲಿಯೇ ಭಟ್ಟಿಗಾಗಿ ಕಾನೂನನ್ನು ಮುರಿಯುವ ಕಾಲ ಬಂದುದು ಇತಿಹಾಸದ ಕಟುವಾದ ತಿರುವು. ಕಳ್ಳಭಟ್ಟಿಯ ಪರಂಪರೆ ಎಷ್ಟು ಆಳವಾಗಿ ಬೇರೂರಿತೆಂಬುದಕ್ಕೆ, ನಿಷೇಧ ಸಡಿಲವಾಗಿ ಎಷ್ಟೋ ವರ್ಷಗಳ ಮೇಲೆ ೨೦೧೫ರ ಜೂನ್‌ನಲ್ಲಿ ಮಾಲವಣಿಯಲ್ಲಿ ವಿಷಮದ್ಯದಿಂದ ನೂರಕ್ಕೂ ಹೆಚ್ಚು ಮಂದಿ ಸತ್ತುದೇ ಸಾಕ್ಷಿ.

ಮಹಾರಾಷ್ಟ್ರ ಸರಕಾರವು ೧೯೬೦ರ ದಶಕದಿಂದ ನಿಷೇಧವನ್ನು ಹಂತಹಂತವಾಗಿ ಸಡಿಲಿಸಿತು. ಕಾಯದೆ ಮಾತ್ರ ರದ್ದಾಗಲಿಲ್ಲ. ಇಂದಿಗೂ ಈ ರಾಜ್ಯದಲ್ಲಿ ಕುಡಿಯುವವನು ಕಾನೂನಿನ ಮೇರೆಗೆ ಪರವಾನಿಗೆಯನ್ನು ಪಡೆದಿರಬೇಕು. 'ಪರ್ಮಿಟ್ ರೂಮ್' ಎಂಬ ಫಲಕ ಆ ಕಾಲದ ಅವಶೇಷ. ಆ ಫಲಕದ ಕೆಳಗೆ ಗಲ್ಲೆಯಲ್ಲಿ ಕುಳಿತವರಲ್ಲಿ ನಮ್ಮ ಕರಾವಳಿಯವರು ಅನೇಕರು. ಒಳಗೆ ಬಡಿಸುವ ಹುಡುಗರಲ್ಲಿಯೂ ನಮ್ಮವರು ಅನೇಕರು. ಈ ಮಾತನ್ನು ಉದ್ಯಮದ ನಿಂದೆಯಾಗಿ ವಾಚಕರು ತಿಳಿಯಬಾರದು. ನಮ್ಮ ಶಾಲೆಗಳೂ ದೇವಸ್ಥಾನಗಳೂ ಸಂಘಗಳೂ, ಈ ಬಗೆಯ ಪತ್ರಿಕೆಗಳೂ ಹೋಟೆಲಿನವರ ಔದಾರ್ಯದಿಂದ ಬದುಕಿದುವು. ಉದ್ಯಮದ ಲಾಭದಲ್ಲಿ ಪಾಲುಗೊಂಡ ಸಮಾಜಕ್ಕೆ ಅದರ ನಷ್ಟದ ಲೆಕ್ಕವನ್ನೂ ಇಡುವ ಹೊಣೆಯುಂಟೆಂಬುದಷ್ಟೇ ನನ್ನ ಅಭಿಪ್ರಾಯ. ಜಮೆಯ ಬದಿಯನ್ನಷ್ಟೇ ಬರೆದು ಖರ್ಚಿನ ಬದಿಯನ್ನು ಬರಿದಾಗಿ ಬಿಟ್ಟ ಲೆಡ್ಜರನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು.

೪

ನಿಷೇಧ ಇನ್ನೂ ಕಟ್ಟುನಿಟ್ಟಾಗಿದ್ದ ೧೯೫೭ರಲ್ಲಿ ಮುಂಬಯಿಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಅನಾಮಿಕ ಪಾನವ್ಯಸನಿಗಳ ಬಳಗ ಆ ವರ್ಷ ಇಲ್ಲಿ ಬೇರೂರಿತು. ಈ ಬಳಗ ಹುಟ್ಟಿದುದು ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, ೧೯೩೫ರ ಜೂನ್‌ನಲ್ಲಿ. ಶೇರು ವ್ಯವಹಾರದ ಬಿಲ್ ವಿಲ್ಸನ್ ಹಾಗೂ ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರೊಡನೊಬ್ಬರು ಮನಬಿಚ್ಚಿ ಮಾತನಾಡಿ ಕುಡಿತವನ್ನು ಬಿಟ್ಟರು. ಒಬ್ಬ ಕುಡುಕನ ಮಾತನ್ನು ಇನ್ನೊಬ್ಬ ಕುಡುಕ ಕೇಳುತ್ತಾನೆ. ಬೇರೆಯವರ ಉಪದೇಶವನ್ನು ಕೇಳುವುದಿಲ್ಲ. ಇಷ್ಟೇ ಅದರ ಮೂಲತತ್ತ್ವ. ಶುಲ್ಕವಿಲ್ಲ, ಹೆಸರಿಲ್ಲ, ಅಧಿಕಾರಿಯಿಲ್ಲ. "ಇನ್ನೆಂದೂ ಕುಡಿಯೆನು" ಎಂಬ ಪ್ರತಿಜ್ಞೆಯೂ ಇಲ್ಲ. ಇವತ್ತೊಂದು ದಿನ ಕುಡಿಯಬಾರದೆಂಬ ನಿಶ್ಚಯ ಸಾಕು.

ಕಾನೂನಿನ ಪ್ರಕಾರ ಕುಡಿತವೇ ಇರಬಾರದಿದ್ದ ನಗರದಲ್ಲಿ ಕುಡಿತವನ್ನು ಬಿಡುವವರ ಕೂಟ ಹುಟ್ಟಿದುದು ಗಮನಾರ್ಹ. ಪೋಲೀಸಿನವನು ಬಾಟಲಿಯನ್ನು ಕಿತ್ತುಕೊಳ್ಳಬಲ್ಲನು. ಬಾಟಲಿಯ ಬಯಕೆಯನ್ನು ಕಿತ್ತುಕೊಳ್ಳಲಾರನು. ಬಯಕೆ ಮನಸ್ಸಿನ ದೌರ್ಬಲ್ಯವೊಂದೇ ಅಲ್ಲ, ದೇಹದ ಸ್ಥಿತಿಯೂ ಹೌದೆಂಬುದನ್ನು ವೈದ್ಯಶಾಸ್ತ್ರ ಅದೇ ಸುಮಾರಿನಲ್ಲಿ ಸ್ಪಷ್ಟಪಡಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯು ೧೯೬೪ರಲ್ಲಿ 'ವ್ಯಸನ', 'ಅಭ್ಯಾಸ' ಎಂಬ ಹಳೆಯ ಶಬ್ದಗಳ ಬದಲು 'ಅವಲಂಬನೆ' ಎಂಬ ಶಬ್ದವನ್ನು ಸೂಚಿಸಿತು. ಶಬ್ದ ಬದಲಾದುದರಿಂದ ದೃಷ್ಟಿಯೂ ಬದಲಾಯಿತು. ವ್ಯಸನಿಯೆಂದರೆ ಅಪರಾಧಿ, ಅವಲಂಬಿತನೆಂದರೆ ರೋಗಿ.

ನಮ್ಮ ಸಾಹಿತ್ಯದ ಕಡೆಗೆ ತಿರುಗಿದರೆ ಅಲ್ಲಿ ಕುಡುಕನಿಗೆ ಸ್ಥಾನವಿಲ್ಲದೆ ಇಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನಿದ್ದಾನೆ, ಕಾರಂತರ ಚೋಮನಿದ್ದಾನೆ, ರಾಜರತ್ನಂ ಅವರ ರತ್ನನಿದ್ದಾನೆ. ಮಾರುವವನಿಗೂ ಕುಡಿಯುವವನಿಗೂ ಕನ್ನಡ ಬಾಯಿ ಕೊಟ್ಟಿದೆ. ಕುಡಿತವನ್ನು ಬಿಟ್ಟು ನಾಳೆಯನ್ನು ಹೇಗೆ ಕಳೆಯಲೆಂದು ಹೆದರಿ ಕುಳಿತವನಿಗೆ ಅಂತಹ ಬಾಯಿ ದೊರೆತಿಲ್ಲ. ಅನಾಮಿಕರ ಬಳಗ ಮಾಡಿದ ದೊಡ್ಡ ಕೆಲಸವೆಂದರೆ ಅವನಿಗೆ ಮಾತನ್ನು ಕೊಟ್ಟುದು.

೫

೧೯೮೦ರ ದಶಕದಲ್ಲಿ ಬ್ರೌನ್ ಶುಗರ್ ಎಂಬ ಹೆಸರಿನ ಕಳಪೆ ಹೆರಾಯಿನ್ ಮುಂಬಯಿಯ ಗಲ್ಲಿಗಳಿಗೆ ಇಳಿಯಿತು. ೧೯೮೫ರಲ್ಲಿ ಕೇಂದ್ರ ಸರಕಾರ ಮಾದಕದ್ರವ್ಯಗಳ ಕಾಯದೆಯನ್ನು ತಂದಿತು. ಇದರ ಹಿಂದುಮುಂದಿನ ವರ್ಷಗಳಲ್ಲಿಯೇ ನಮ್ಮ ದೇಶದ ಮುಖ್ಯ ಚೇತರಿಕೆಯ ಸಂಸ್ಥೆಗಳು ಹುಟ್ಟಿದುವು. ೧೯೮೦ರಲ್ಲಿ ಮದರಾಸಿನಲ್ಲಿ ಶಾಂತಿ ರಂಗನಾಥನ್ ಅವರು, ಕುಡಿತದಿಂದ ಗಂಡನನ್ನು ಕಳೆದುಕೊಂಡ ಮೇಲೆ, ಅವರ ಹೆಸರಿನಲ್ಲಿ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ೧೯೮೬ರಲ್ಲಿ ಪುಣೆಯಲ್ಲಿ ಡಾ. ಸುನಂದಾ ಹಾಗೂ ಡಾ. ಅನಿಲ ಅವಚಟ ದಂಪತಿಗಳು ಪು. ಲ. ದೇಶಪಾಂಡೆಯವರ ನೆರವಿನಿಂದ ಮುಕ್ತಾಂಗಣವನ್ನು ಆರಂಭಿಸಿದರು. ಅಲ್ಲಿ ರೋಗಿಗಳಾಗಿ ಬಂದವರೇ ಗುಣವಾದ ಮೇಲೆ ಸಲಹೆಗಾರರಾಗಿ ನಿಂತರು.

ಮುಂಬಯಿಯಲ್ಲಿ ೧೯೮೧ರಲ್ಲಿ ಫಾದರ್ ಜೋ ಪಿರೇರಾ ಅವರು ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನ ಆಶ್ರಯದಲ್ಲಿ ಕೃಪಾ ಫೌಂಡೇಶನ್ನನ್ನು ಸ್ಥಾಪಿಸಿದರು. ಇದರಲ್ಲಿ ಕನ್ನಡನಾಡಿನ ಪಾಲೊಂದಿದೆ. ಫಾದರ್ ಅವರು ಬಿ. ಕೆ. ಎಸ್. ಅಯ್ಯಂಗಾರರ ಶಿಷ್ಯರು. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರಲ್ಲಿ ಯೋಗವನ್ನು ಕಲಿತು, ೧೯೩೭ರಲ್ಲಿ ಪುಣೆಗೆ ಬಂದವರು. ಅನಾಮಿಕರ ಬಳಗದ ಹನ್ನೆರಡು ಮೆಟ್ಟಿಲುಗಳೊಡನೆ ಅಯ್ಯಂಗಾರರ ಯೋಗಪದ್ಧತಿಯನ್ನು ಕೂಡಿಸಿದುದು ಕೃಪಾ ಸಂಸ್ಥೆಯ ವೈಶಿಷ್ಟ್ಯ. ಆಕ್ರನ್ನಿನ ಮಾತೂ ಬೆಳ್ಳೂರಿನ ಆಸನವೂ ಬಾಂದ್ರಾದ ಚರ್ಚಿನಲ್ಲಿ ಒಂದುಗೂಡಿದುವು.

ಕರ್ನಾಟಕದಲ್ಲಿ ಈ ಕಾರ್ಯ ಹಿಡಿದ ದಾರಿ ಬೇರೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ೧೯೭೦ರ ದಶಕದಿಂದ ಜೋಳಿಗೆಯನ್ನು ಹಿಡಿದು ಊರೂರು ಅಲೆದು ಭಕ್ತರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರು ಹುಟ್ಟಿದ ಆಗಸ್ಟ್ ೧ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಕೂಡಿ ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಸುಮಾರು ಒಂದು ವಾರ ಕುಡುಕರು ಒಟ್ಟಾಗಿ ಇರುತ್ತಾರೆ. ಶಿಬಿರ ಮುಗಿದ ಮೇಲೆ 'ನವಜೀವನ ಸಮಿತಿ' ಎಂಬ ಹೆಸರಿನಲ್ಲಿ ಆಗಾಗ ಸೇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಹೀಗೆ ಮಠ, ಕ್ಷೇತ್ರ, ಆಸ್ಪತ್ರೆ ಈ ಮೂರೂ ಒಂದೇ ಕೆಲಸಕ್ಕೆ ಕೈಹಾಕಿವೆ.

೬

ಇಷ್ಟೆಲ್ಲ ನಡೆದ ಮೇಲೆ ಉಳಿದ ಸಮಸ್ಯೆ ಯಾವುದು? ಶಿಬಿರದಿಂದಲೋ ಆಸ್ಪತ್ರೆಯಿಂದಲೋ ಮನೆಗೆ ಬಂದವನ ಮರುದಿನದ ಸಮಸ್ಯೆ. ನಮ್ಮ ಹಿರಿಯರು ಮದ್ದಿನ ಜೊತೆಗೆ ಪಥ್ಯವನ್ನೂ ಹೇಳುತ್ತಿದ್ದರು. ಪಥ್ಯ ಕೆಟ್ಟರೆ ಮದ್ದು ವ್ಯರ್ಥವೆಂದು ತಿಳಿದಿದ್ದರು. ಕುಡಿತವನ್ನು ಬಿಟ್ಟವನಿಗೆ ಪಥ್ಯವೆಂದರೆ ಸಂಜೆಯ ಏಳು ಗಂಟೆ, ಸಂಬಳದ ದಿನ, ಊರಿನ ಮದುವೆ, ಹಳೆಯ ಗೆಳೆಯನ ಕರೆ. ಈ ಹೊತ್ತುಗಳಲ್ಲಿ ಅವನ ಜೊತೆಗೆ ನಿಲ್ಲುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಇಂದು ಮಹಾನಗರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. 'ಸೋಬರ್ ಕೋಚ್' ಎಂಬುದು ಅವರಿಗೆ ಸಲ್ಲುವ ಹೆಸರು. ಕನ್ನಡದಲ್ಲಿ 'ಪಥ್ಯದ ಸಂಗಡಿಗ' ಎನ್ನಬಹುದೇನೋ.

ಈ ವೃತ್ತಿ ತೋರುವಷ್ಟು ಹೊಸದಲ್ಲ. ಅಮೆರಿಕದ ಬೋಸ್ಟನ್ ನಗರದ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಚಿಕಿತ್ಸೆ ಪಡೆದು ಕುಡಿತವನ್ನು ಬಿಟ್ಟ ಕೋರ್ಟ್ನಿ ಬೇಲರ್ ಎಂಬ ವಿಮಾ ಏಜೆಂಟನು ೧೯೧೩ರಲ್ಲಿ ಅಲ್ಲಿಯೇ ಸಂಬಳಕ್ಕೆ ನಿಂತು ಇತರ ವ್ಯಸನಿಗಳಿಗೆ ದಾರಿ ತೋರಿದನು. ಅಂದಿನಿಂದ ಎದ್ದ ಪ್ರಶ್ನೆ ಇಂದಿಗೂ ಇದೆ: ಈ ಕೆಲಸಕ್ಕೆ ಬೇಕಾದುದು ಅನುಭವವೋ ಶಿಕ್ಷಣವೋ? ಹಣ ಪಡೆಯುವುದು ಯುಕ್ತವೋ ಅಲ್ಲವೋ?

ನನ್ನ ಮಟ್ಟಿಗೆ ಇಲ್ಲಿ ಕೆಲಸವನ್ನು ಮೂರಾಗಿ ವಿಂಗಡಿಸಿಕೊಳ್ಳುವುದು ಲೇಸೆಂದು ತೋರುತ್ತದೆ. ಬಹುಕಾಲ ಕುಡಿದವನು ಹಠಾತ್ತನೆ ಬಿಟ್ಟರೆ ಮೈನಡುಕ, ಸೆಳವು, ಸನ್ನಿ ಬರಬಹುದು, ಪ್ರಾಣಾಪಾಯವೂ ಉಂಟು. ಈ ಘಟ್ಟ ವೈದ್ಯನದು. ಇಲ್ಲಿ ಬೇರೆ ಯಾರೂ ಕೈಹಾಕಬಾರದು. ಕುಡಿತದ ಹಿಂದಿರುವ ದುಃಖ, ಭಯ, ಮನೋವ್ಯಾಧಿಗಳನ್ನು ಬಿಡಿಸುವುದು ತರಬೇತಿ ಪಡೆದ ಮನೋಚಿಕಿತ್ಸಕನ ಕೆಲಸ. ಆ ಬಳಿಕದ ದಿನಗಳನ್ನು ಒಂದೊಂದಾಗಿ ದಾಟಿಸುವುದು ಸಂಗಡಿಗನ ಕೆಲಸ. ಇಲ್ಲಿ ಅನುಭವಿಯ ಮಾತಿಗೆ ತೂಕ ಹೆಚ್ಚು. ೨೦೧೭ರ ಮಾನಸಿಕ ಆರೋಗ್ಯ ಕಾಯದೆಯು ಮದ್ಯ ಹಾಗೂ ಮಾದಕದ್ರವ್ಯಗಳ ದುರ್ಬಳಕೆಗೆ ಸಂಬಂಧಿಸಿದ ಮನಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದು ರೋಗಿಯ ಹಕ್ಕುಗಳನ್ನು ಹೇಳಿದೆ. ಆದುದರಿಂದ ಕಟ್ಟಿಹಾಕುವ, ಹೊಡೆಯುವ, ಹಣ ಪಡೆದು ಕೂಡಿಹಾಕುವ ಸ್ಥಳಗಳನ್ನು ಚಿಕಿತ್ಸಾಲಯಗಳೆಂದು ನಂಬಿ ಯಾರೂ ಮೋಸಹೋಗಬಾರದು. ಸಂಗಡಿಗನು ಹಣ ಪಡೆಯುವುದರಲ್ಲಿ ತಪ್ಪಿಲ್ಲ. ಗುಣವಾಗುವುದೆಂದು ಖಾತರಿ ಕೊಡುವವನನ್ನು, ವೈದ್ಯನ ಮದ್ದನ್ನು ನಿಲ್ಲಿಸೆನ್ನುವವನನ್ನು, ಮನೆಯವರನ್ನು ದೂರವಿಡುವವನನ್ನು ಮಾತ್ರ ಸಂಶಯದಿಂದ ನೋಡಬೇಕು.

ಇಲ್ಲಿ ಬ್ಯಾಂಕಿನವನ ದೃಷ್ಟಾಂತವೊಂದನ್ನು ವಾಚಕರು ಸಹಿಸಬೇಕು. ೧೯೨೮ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಎರಡಾಣೆಯಷ್ಟು ಅಲ್ಪ ಮೊತ್ತವನ್ನು ಏಜೆಂಟನು ದಿನವೂ ಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದನು. ಆ ಯೋಜನೆಯ ಗುಟ್ಟು ಬಡ್ಡಿಯ ದರದಲ್ಲಿರಲಿಲ್ಲ. ದಿನವೂ ಬಾಗಿಲಿಗೆ ಬರುವ ಮನುಷ್ಯನಲ್ಲಿತ್ತು. ಬಡವನಿಗೆ ಉಳಿತಾಯದ ಬುದ್ಧಿಯಿಲ್ಲವೆಂಬ ಮಾತನ್ನು ಅವನು ಸುಳ್ಳುಮಾಡಿದನು. ಕುಡುಕನಿಗೆ ಮನೋಬಲವಿಲ್ಲವೆಂಬ ಮಾತನ್ನು ಸುಳ್ಳುಮಾಡಲು ಬೇಕಾದುದೂ ಅಂತಹ ಮನುಷ್ಯನೇ. ಒಂದು ದಿನ ಕಂತು ತಪ್ಪಿದರೆ ಪಿಗ್ಮಿ ಖಾತೆಯನ್ನು ಯಾರೂ ಮುಚ್ಚುತ್ತಿರಲಿಲ್ಲ. ಏಜೆಂಟನು ಮರುದಿನ ಮತ್ತೆ ಬರುತ್ತಿದ್ದನು. ಜಾರಿದವನ ವಿಷಯದಲ್ಲಿ ನಮ್ಮ ಮನೆಗಳಿಗೂ ಸಂಘಗಳಿಗೂ ಇರಬೇಕಾದ ತಾಳ್ಮೆ ಇಂತಹುದು.

ಈ ಸಂಗಡಿಗನು ಆಡುವ ಭಾಷೆಯೂ ಮುಖ್ಯ. ಹನ್ನೆರಡರ ಹರೆಯದಲ್ಲಿ ಮುಂಬಯಿಗೆ ಬಂದು ಹೋಟೆಲಿನ ಅಟ್ಟದಲ್ಲಿ ಮಲಗಿ ಬೆಳೆದವನು ಹಿಂದಿಯಲ್ಲಿ ವ್ಯಾಪಾರ ಮಾಡಬಲ್ಲನು, ಮರಾಠಿಯಲ್ಲಿ ಜಗಳವಾಡಬಲ್ಲನು. ತನ್ನ ಅವಮಾನವನ್ನು ಹೇಳಿಕೊಳ್ಳಬೇಕಾದಾಗ ಅವನಿಗೆ ಬೇಕಾಗುವುದು ಕನ್ನಡ ಅಥವಾ ತುಳು. ನಗರದ ಚಿಕಿತ್ಸಾಲಯಗಳು ಇದನ್ನು ಒದಗಿಸಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಇದು ನಮ್ಮದೇ ಹೊಣೆ.

ಈ ಹೊಣೆಯನ್ನು ಹೊರುವ ಶಕ್ತಿ ನಮಗಿದೆಯೆಂಬುದಕ್ಕೆ ರಾತ್ರಿಶಾಲೆಗಳೇ ಪ್ರಮಾಣ. ಹಗಲೆಲ್ಲ ಲೋಟ ತೊಳೆದ ಹುಡುಗರನ್ನು ರಾತ್ರಿ ಬೆಂಚಿನ ಮೇಲೆ ಕೂರಿಸಿ ಅವರನ್ನು ಗುಮಾಸ್ತರನ್ನಾಗಿ, ವಕೀಲರನ್ನಾಗಿ, ಮಾಲಿಕರನ್ನಾಗಿ ಮಾಡಿದ ಸಮಾಜ ನಮ್ಮದು. ಆಗ ಬೇಕಾಗಿದ್ದುದು ಒಂದು ಕೋಣೆ, ಒಂದು ದೀಪ, ದಿನವೂ ತಪ್ಪದೆ ಬರುವ ಒಬ್ಬ ಮಾಸ್ತರ. ಈಗ ಬೇಕಾಗಿರುವುದೂ ಅದಕ್ಕಿಂತ ಹೆಚ್ಚಿನದಲ್ಲ. ಪ್ರತಿಯೊಂದು ಸಂಘವೂ ವಾರಕ್ಕೊಂದು ಸಂಜೆ ತನ್ನ ಕೋಣೆಯೊಂದನ್ನು ಹೆಸರು ಕೇಳದೆ ತೆರೆದಿಡಲಿ. ಕುಡಿತವನ್ನು ಬಿಟ್ಟು ನೆಲೆನಿಂತ ಇಬ್ಬರು ಅಲ್ಲಿ ಕುಳಿತಿರಲಿ. ಒಬ್ಬ ವೈದ್ಯನ ವಿಳಾಸ ಅವರ ಬಳಿ ಇರಲಿ. ಮನೆಯ ಹೆಂಗಸರು ಬಂದು ಮಾತನಾಡಲು ಪ್ರತ್ಯೇಕ ಹೊತ್ತು ಇರಲಿ. ದಾನಿಗಳ ಭಾವಚಿತ್ರಗಳನ್ನು ತೂಗುಹಾಕಿದ ಗೋಡೆಯ ಕೆಳಗೆಯೇ ಈ ಕೂಟ ನಡೆದರೂ ಅಡ್ಡಿಯಿಲ್ಲ. ಆ ದಾನಿಗಳಿಗೂ ಅದರಿಂದ ಗೌರವವೇ ಸಲ್ಲುತ್ತದೆ.